ಬೆಂಕಿಗೆ ಹಿಡಿದ ಡ್ರಮ್ಮು

ಶಂಟರ್ಸ್ ಬ್ಯಾಂಡು ಗೊತ್ತೇನು ಎಂದು ಇವತ್ತು ಹುಬ್ಬಳ್ಳಿಯಲ್ಲಿ ಹತ್ತು ಜನರನ್ನು ಕೇಳಿದರೆ ಹನ್ನೊಂದು ಜನ ಇಲ್ಲ ಎನ್ನುತ್ತಾರೆ. ಅದರಲ್ಲಿ ಅವರ ತಪ್ಪೇನಿಲ್ಲ. ಬ್ಯಾಂಡು ಇದ್ದದ್ದೇ ಎರಡು ವರ್ಷ ಎಂಟು ತಿಂಗಳು, ಇದ್ದವರು ಮೂರೇ ಜನ. ಒಂದು ರೆಕಾರ್ಡು ಬರಲಿಲ್ಲ, ಪೇಪರಿನಲ್ಲಿ ಒಂದು ಸಾಲು ಬರಲಿಲ್ಲ. ಫೋಟೋ ಒಂದಿದೆ, ಅದರಲ್ಲಿ ಇನಾಸನ ತಲೆ ಮತ್ತು ನನ್ನ ಮೊಣಕೈ ಬಂದಿವೆ. ಆದರೂ ನಿನ್ನ ಮೆಚ್ಚಿನ ಬ್ಯಾಂಡು ಯಾವುದು ಎಂದು ಯಾರಾದರೂ ಕೇಳಿದರೆ ನಾನು ಬೇರೆ ಹೆಸರು ಹೇಳುವುದಿಲ್ಲ. ಮೊಮ್ಮಗಳು ಕೇಳಿದ್ದಳು. ಸ್ವಂತದ್ದನ್ನೇ ಹೇಳಬಾರದು ಅಜ್ಜಾ ಎಂದಳು. ನಾನು ಸಾಲಿ ಕಲಿತದ್ದು ಮೂರನೆಯ ಇಯತ್ತೆಯವರೆಗೆ. ಹೇಳಬೇಕೋ ಬಾರದೋ ನನಗೆ ತಿಳಿಯದು. ಮೆಚ್ಚಿದ್ದು ಮೆಚ್ಚಿದ್ದೇ.

ಬ್ಯಾಂಡು ಹೇಗೆ ಮುಗಿಯಿತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಕಡೆಯಲ್ಲಿ ಅದರ ಚಿಂತೆ ಬೇಡ. ೧೯೬೭ರಲ್ಲಿ ಇನಾಸನಿಗೆ ಗುಂತಕಲ್ಲಿಗೆ ವರ್ಗವಾಯಿತು. ಯಾರೂ ಜಗಳಾಡಲಿಲ್ಲ. ಸ್ಟೇಷನ್ನಿನಲ್ಲಿ ಅವನು ಕೈ ಬೀಸಿದ, ನಾವೂ ಬೀಸಿದೆವು, ಗಾಡಿ ಹೋಯಿತು. ನಾನು ಹೇಳಬೇಕೆಂದಿರುವುದು ಅದಕ್ಕೆ ಎರಡು ವರ್ಷ ಹಿಂದಿನದು. ಆಗಸ್ಟಿನ ಮೂರು ನಾಲ್ಕು ದಿನದ್ದು. ಆದರೆ ಅಲ್ಲಿಗೆ ಹೋಗಬೇಕಾದರೆ ನಮ್ಮಪ್ಪನಿಂದ ಹೊರಡಬೇಕು.

ನನ್ನ ಹೆಸರು ಉಡಚಪ್ಪ, ಅಪ್ಪನ ಹೆಸರು ಅರ್ಜುನಪ್ಪ. ನಾವು ಮೂಲ ಹೆಬ್ಬಳ್ಳಿಯವರು. ಅಲ್ಲಿ ಅಪ್ಪನ ಹಲಗಿಗೆ ದೊಡ್ಡ ಹೆಸರಿತ್ತು. ಮರದ ಬಳೆಗೆ ಒಂದು ಬದಿ ತೊಗಲು ಬಿಗಿದ ಆ ಹಲಗಿಯನ್ನು ಎದೆಗೆ ಆನಿಸಿಕೊಂಡು ಅಪ್ಪ ಒಂದು ಪೆಟ್ಟು ಹಾಕಿದರೆ ಉಪ್ಪಿನಬೆಟಗೇರಿಯ ಎಮ್ಮೆಗಳು ಕಿವಿ ನಿಮಿರಿಸುತ್ತವೆ ಎಂದು ಮಂದಿ ನಗುತ್ತಿದ್ದರು. ಹೆಸರಿತ್ತು, ಜಾಗ ಇರಲಿಲ್ಲ. ಮದುವೆಯಿರಲಿ, ಸಾವಿರಲಿ, ನಮ್ಮವರು ಬಾಗಿಲ ಹೊರಗೆ. ಆಮೇಲೆ ಅಪ್ಪ ಹುಬ್ಬಳ್ಳಿಯ ರೇಲ್ವೆ ವರ್ಕ್‌ಶಾಪಿನಲ್ಲಿ ಖಲಾಸಿಯಾದ, ನಾವು ಗೋಪನಕೊಪ್ಪಕ್ಕೆ ಬಂದೆವು. ಬಂದ ಮೇಲೂ ಊರಿನಿಂದ ಕರೆ ತಪ್ಪಲಿಲ್ಲ. ಕರೆದರೆ ಹೋಗಲೇಬೇಕು, ಅದು ಹಕ್ಕು ಎನ್ನುತ್ತಿದ್ದರು ಊರ ಮಂದಿ. ಯಾರ ಹಕ್ಕು ಎಂದು ಮಾತ್ರ ಹೇಳುತ್ತಿರಲಿಲ್ಲ.

೧೯೫೬ರ ದಸರೆಗೆ ಅಪ್ಪ ವರ್ಕ್‌ಶಾಪಿನ ಗೆಳೆಯರ ಜೊತೆ ನಾಗಪುರಕ್ಕೆ ಹೋಗಿ ಬೌದ್ಧ ದೀಕ್ಷೆ ತೆಗೆದುಕೊಂಡು ಬಂದ. ಬರುವಾಗ ಬಾಬಾಸಾಹೇಬರ ಒಂದು ಫೋಟೋ ತಂದ, ಒಂದು ಮಾತು ತಂದ. ಫೋಟೋವನ್ನು ಗೋಡೆಗೆ ಹಾಕಿದ. ಮಾತನ್ನು ನನಗೂ ಅವ್ವನಿಗೂ ಎದುರು ಕೂರಿಸಿ ಹೇಳಿದ.

"ಇನ್ನ ಮ್ಯಾಲೆ ಈ ಮನ್ಯಾಗಿನವರು ಯಾರೂ ಯಾರ ಬಾಗಲದಾಗೂ ನಿಂತು ಬಾರಸಂಗಿಲ್ಲ. ತಿಳೀತಿಲ್ಲೋ?"

ಹಲಗಿಯನ್ನು ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟ. ನನಗೆ ಆಗ ಹನ್ನೆರಡು ವರ್ಷ. ಮಾತು ತಿಳಿದಿತ್ತು. ಆದರೆ ಐದು ವರ್ಷದವನಿದ್ದಾಗಿನಿಂದ ಅಪ್ಪನ ಪಕ್ಕದಲ್ಲಿ ನಿಂತು ಕಲಿತ ಕೈಗಳಿಗೆ ಅದನ್ನು ತಿಳಿಸಿ ಹೇಳುವವರು ಯಾರು? ಕೊಡಪಾನ ಸಿಕ್ಕರೆ ಕೊಡಪಾನ, ಬಾಗಿಲು ಸಿಕ್ಕರೆ ಬಾಗಿಲು. ಮುಂದೆ ನಾನೂ ವರ್ಕ್‌ಶಾಪಿನ ಕಮ್ಮಾರಸಾಲಿಯಲ್ಲಿ ಸೇರಿದೆ. ಅಲ್ಲಿ ಮಧ್ಯಾಹ್ನದ ಊಟದ ಸೈರನ್ನು, ಅಂದರೆ ಭೋಂಗಾ, ಹೊಡೆದು ರೊಟ್ಟಿ ಉಂಡ ಮೇಲೆ ಖಾಲಿ ಬುತ್ತಿ ಡಬ್ಬಿ.

ಇನಾಸ ನನ್ನನ್ನು ಹಿಡಿದದ್ದು ಆ ಡಬ್ಬಿಯಿಂದಲೇ. ಅವನು ಟೈಮ್ ಆಫೀಸಿನಲ್ಲಿ ಕಾರಕೂನ, ಗೋವೆಯ ಕ್ರಿಸ್ತ ಮನೆಯವನು, ಹುಟ್ಟಿ ಬೆಳೆದದ್ದೆಲ್ಲ ಹುಬ್ಬಳ್ಳಿ ರೇಲ್ವೆ ಕಾಲನಿಯಲ್ಲಿ. ಒಂದು ದಿನ ನನ್ನ ಹಿಂದೆ ಬಂದು ನಿಂತು ಕೇಳಿದ.

"ಏನಪಾ, ಈ ಡಬ್ಬಿ ಎಲ್ಲಿ ಕಲತಿ?"

"ಡಬ್ಬಿ ಕಲಿಯೂದೇನ್ರಿ ಸಾಹೇಬ್ರ, ಉಂಡ ಮ್ಯಾಲೆ ಬಾರಿಸೂದು."

"ಸಾಹೇಬ್ರು ಬ್ಯಾಡ, ಇನಾಸ ಅನ್ನು. ಸಂಜೀಕ ಅಲ್ಲಾವುದ್ದೀನನ ಮನಿಗೆ ಬಾ. ಡಬ್ಬೀನೂ ತಗೊಂಡು ಬಾ."

ಅಲ್ಲಾವುದ್ದೀನ ರೇಡಿಯೋ ರಿಪೇರಿಯವನು. ಇನಾಸನೂ ಅವನೂ ಪ್ರತಿವಾರ ಸಿಲೋನ್ ರೇಡಿಯೋದಲ್ಲಿ ಇಂಗ್ಲಿಷ್ ಹಾಡು ಕೇಳಿ ಕೇಳಿ ಹುಚ್ಚರಾಗಿದ್ದರು. ಹಣೆಯ ಮೇಲೆ ಕೂದಲು ಬಿಟ್ಟುಕೊಂಡ ಹುಡುಗರು ವಿಲಾಯತಿಯಲ್ಲಿ ಮೂರು ಗಿಟಾರು ಒಂದು ಡ್ರಮ್ಮು ಇಟ್ಟುಕೊಂಡು ಜಗತ್ತನ್ನೇ ಕುಣಿಸುತ್ತಿದ್ದಾರೆ, ನಮಗೇನು ಧಾಡಿ ಎಂಬುದು ಇನಾಸನ ವಾದ. ಅವನ ಹತ್ತಿರ ಗಿಟಾರು ಇತ್ತು, ಗಂಟಲೂ ಇತ್ತು. ಕರೆಂಟಿನ ಗಿಟಾರು ಕೊಳ್ಳಲು ಹುಬ್ಬಳ್ಳಿಯಲ್ಲಿ ಎಲ್ಲೂ ಸಿಗದು, ಅದಕ್ಕೆ ಅಲ್ಲಾವುದ್ದೀನ ತಾನೇ ಮಾಡಿದ್ದ. ಹಳೆಯ ತೇಗದ ಬಾಗಿಲ ಹಲಗೆ ಕೊರೆದು ಮೈ, ಒಡೆದ ಟೆಲಿಫೋನಿನ ಅಯಸ್ಕಾಂತ ಹಾಕಿ ಕಿವಿ, ಧ್ವನಿಗೆ ಒಂದು ದೊಡ್ಡ ರೇಡಿಯೋ. ಅದು ಆಗಾಗ ಶಾಕ್ ಹೊಡೆಯುತ್ತಿತ್ತು. ಹೊಡೆದಾಗೆಲ್ಲ ಅಲ್ಲಾವುದ್ದೀನ ಒಂದು ಗೇಣು ಜಿಗಿಯುತ್ತಿದ್ದ. ಮುಂದೆ ನೋಡುವವರು ಅದನ್ನು ವಿಲಾಯತಿ ಕುಣಿತ ಎಂದುಕೊಂಡರು, ನಾವೂ ಬೇಡ ಎನ್ನಲಿಲ್ಲ. ಇನ್ನೊಂದು ತೊಂದರೆಯೆಂದರೆ, ಆ ರೇಡಿಯೋ ಹಾಡಿನ ನಡುವೆ ತಾನಾಗಿ ಧಾರವಾಡ ಸ್ಟೇಷನ್ನು ಹಿಡಿಯುತ್ತಿತ್ತು.

ತಾಲೀಮು ಅಲ್ಲಾವುದ್ದೀನನ ಮನೆಯ ಹಿತ್ತಲಿನ ತಗಡಿನ ಚಪ್ಪರದ ಕೆಳಗೆ. ಅವನ ತಾಯಿ ಮಾಶಾಬಿ ಮೊದಲ ದಿನ ಕಿವಿಗೆ ಸೆರಗು ಒತ್ತಿಕೊಂಡು ಹೊರಗೆ ಬಂದಳು.

"ಯಾರನ್ನ ಹೊಡಿಯಾಕತ್ತೀರಿ ಬೇಟಾ?"

"ಯಾರನ್ನೂ ಇಲ್ಲ ಅಮ್ಮಾ, ಹಾಡಾಕತ್ತೇವಿ."

"ಹಾಡೂದಾ! ನಾ ಕೋಳಿಗೆ ನಾಯಿ ಬಿತ್ತು ಅಂದ್ಕೊಂಡೆ. ಹಾಡ್ರಿ ಹಾಡ್ರಿ, ಚಾ ತರ್ತೇನಿ. ಚಾ ಕುಡಿಯೂಮಟ ಆದ್ರೂ ಸುಮ್ಮನ ಇರ್ತೀರಿ."

ಹೆಸರು ಇಟ್ಟದ್ದು ಇನಾಸ. ನಾವು ಒಂದು ತಾಳದಿಂದ ಇನ್ನೊಂದಕ್ಕೆ ಹೋಗುವುದು ಯಾರ್ಡಿನಲ್ಲಿ ಗಾಡಿ ಡಬ್ಬಿ ಜೋಡಿಸುವ ಶಂಟಿಂಗ್ ಇಂಜಿನ್ ಥರ, ಮುಂದೆ ಎರಡು ಡಬ್ಬಿ ಹೋಗಿ ಹಿಂದೆ ಒಂದು ಡಬ್ಬಿ ಬರುತ್ತದೆ ಎಂದು ಶಂಟರ್ಸ್ ಎಂದ. ನಾನು ಎಂಟು ತಿಂಗಳು ಗ್ಯಾಸೆಣ್ಣೆಯ, ಅಂದರೆ ಸೀಮೆಎಣ್ಣೆಯ, ಡಬ್ಬಿಯ ಮೇಲೂ ಮಾಶಾಬಿ ಜೋಳ ತುಂಬಿಡುವ ಹಗೇವಿನ ಮುಚ್ಚಳದ ಮೇಲೂ ಬಾರಿಸಿದೆ. ಆಮೇಲೆ ಇನಾಸನ ಸೋದರಮಾವ ಖರೇ ಡ್ರಮ್ಮು ಕಳಿಸಿದ. ಅವನು ಹಡಗಿನಲ್ಲಿ ಸಾಹೇಬರಿಗೆ ವಾದ್ಯ ನುಡಿಸುವವನು. ಹಡಗಿನವರು ಹಳೆಯ ಡ್ರಮ್ಮು ಬದಲಾಯಿಸುವಾಗ ಕೇಳಿ ತೆಗೆದುಕೊಂಡು ಮುರ್ಮಗೋವಿ ಬಂದರಿನಿಂದ ರೈಲಿನ ಗಾರ್ಡಿನ ಡಬ್ಬಿಯಲ್ಲಿ ಹಾಕಿಸಿದ್ದ. ದೊಡ್ಡದೊಂದು, ಅದನ್ನು ಕಾಲಿನಿಂದ ಒದೆಯಬೇಕು. ನಡುವೆ ಸಣ್ಣದೊಂದು, ಎಲ್ಲ ತಾಳದ ಜೀವ ಅದರಲ್ಲೇ. ಮೇಲೊಂದು ಹಿತ್ತಾಳೆ ತಟ್ಟೆ. ಕೂರಲು ಒಂದು ಗುಂಡು ಸ್ಟೂಲು. ಆ ದಿನ ನಾನು ಉಣ್ಣಲೇ ಇಲ್ಲ.

ಇಷ್ಟೆಲ್ಲ ಅಪ್ಪನಿಗೆ ಗೊತ್ತಿರಲಿಲ್ಲ. ಓವರ್‌ಟೈಮ್ ಎಂದು ಹೇಳುತ್ತಿದ್ದೆ. ನಮ್ಮವ್ವ ಶೇವಂತೆವ್ವನಿಗೆ ಗೊತ್ತಿತ್ತು, ಆಕೆಗೆ ಹೇಳದೆಯೂ ಗೊತ್ತಾಗುತ್ತಿತ್ತು.

"ಓವರ್‌ಟೈಮ್ ಮಾಡಿದವ ಮಸಿ ಹಚಗೊಂಡು ಬರ್ತಾನ," ಎಂದಳು ಒಮ್ಮೆ. "ನೀ ಹೋದಾಗಿಂತ ಸ್ವಚ್ಛ ಆಗಿ ಬರ್ತೀಯಲ್ಲೋ. ನಿಮ್ಮಪ್ಪಗ ಹೇಳು. ತಾನ ತಿಳಕೊಂಡ್ರ ಒಂದು, ನೀ ಹೇಳಿದ್ರ ಒಂದು."

ಹೇಳಲಿಲ್ಲ. ಹೇಳಿದರೆ ಅಪ್ಪ ಬೇಡ ಎನ್ನುತ್ತಾನೆ, ಬೇಡ ಎಂದರೆ ನಾನು ಬಿಡಬೇಕು. ಅಪ್ಪನ ಆ ಮಾತನ್ನು ಮೀರಿ ಬಾರಿಸುವ ಗಟ್ಟಿತನ ನನಗಿರಲಿಲ್ಲ. ಬಿಡುವ ಗಟ್ಟಿತನವೂ ಇರಲಿಲ್ಲ. ನಾಳೆ ಹೇಳುತ್ತೇನೆ, ನಾಡಿದ್ದು ಹೇಳುತ್ತೇನೆ ಎಂದು ಹತ್ತು ತಿಂಗಳು ತಳ್ಳಿದೆ.

ಅಷ್ಟರಲ್ಲಿ ೧೯೬೫ರ ಆಗಸ್ಟು ಬಂತು. ಹದಿನೈದನೆಯ ತಾರೀಖು ಭಾನುವಾರ. ಆ ಸಂಜೆ ರೇಲ್ವೆ ಕಾಲನಿಯ ಹಾಲಿನಲ್ಲಿ ಕಾರ್ಯಕ್ರಮ, ಅದರಲ್ಲಿ ಶಂಟರ್ಸ್‌ಗೆ ಒಂದು ತಾಸು. ಅಲ್ಲಿಯವರೆಗೆ ನಮ್ಮನ್ನು ಕೇಳಿದವರೆಂದರೆ ಮಾಶಾಬಿ, ಆಕೆಯ ಕೋಳಿಗಳು, ಗೋಡೆ ಆಚೆಯಿಂದ ಬೈಯುವ ಒಬ್ಬ ಮಾಸ್ತರರು. ಹಾಲಿನಲ್ಲಿ ಮುನ್ನೂರು ಮಂದಿ ಕೇಳುತ್ತಾರೆ ಎಂದಾಗಿನಿಂದ ನಾನು ತಾಲೀಮಿಗೆ ಎಲ್ಲರಿಗಿಂತ ಮೊದಲು ಹೋಗತೊಡಗಿದೆ.

ಗುರುವಾರ ಸಂಜೆ ತಾಲೀಮು. ಮೂರು ದಿನದಿಂದ ಜಿಟಿಜಿಟಿ ಮಳೆ, ಗೋಡೆಯೆಲ್ಲ ಹಸಿ. ಇನಾಸನೂ ಅಲ್ಲಾವುದ್ದೀನನೂ ಇನ್ನೂ ಬಂದಿರಲಿಲ್ಲ. ನಾನು ಸಣ್ಣ ಡ್ರಮ್ಮಿಗೆ ಎರಡು ಪೆಟ್ಟು ಹಾಕಿ ನೋಡಿದೆ. ಯಾಕೋ ದನಿ ಮಂಕು ಎನಿಸಿತು. ಖರೇ ಮಂಕಾಗಿತ್ತೋ, ನನ್ನ ಅಂಜಿಕೆಗೆ ಹಾಗೆ ಕೇಳಿಸಿತೋ, ಈಗ ಹೇಳಲಾರೆ. ಮಳೆಗಾಲದಲ್ಲಿ ಹಲಗಿ ಮಂಕಾದರೆ ನಮ್ಮ ಮನೆಯಲ್ಲಿ ಯಾರೂ ವಿಚಾರ ಮಾಡುತ್ತಾ ಕೂರುವುದಿಲ್ಲ. ಹುಲ್ಲು ಹಚ್ಚಿ, ಉರಿಗೆ ತೊಗಲು ಹಿಡಿದು, ಕಾಯಿಸಿ, ಬೆರಳಿನಿಂದ ಟಣ್ ಎನಿಸಿ ನೋಡುವುದು. ಹುಟ್ಟಿದಾಗಿನಿಂದ ನೋಡಿದ್ದು ಅದನ್ನೇ.

ಚಪ್ಪರದ ಮೂಲೆಯಲ್ಲಿ ಜೋಳದ ದಂಟಿನ ಒಣ ಕಣಕಿ ಇತ್ತು. ಹಚ್ಚಿದೆ. ಡ್ರಮ್ಮನ್ನು ಮಗುವನ್ನು ಕಾಯಿಸುವ ಹಾಗೆ ಎರಡೂ ಕೈಯಿಂದ ಹಿಡಿದು ಉರಿಯ ಮೇಲೆ ತಿರುಗಿಸಿದೆ. ಒಂದು ಸುತ್ತು ತಿರುಗಿಸಿದಾಗ ಅದರ ಮೇಲೆ ಒಂದು ಗುಳ್ಳೆ ಎದ್ದಿತು. ತೊಗಲಿಗೆ ಗುಳ್ಳೆ ಏಳುವುದನ್ನು ನಾನು ನೋಡಿರಲಿಲ್ಲ. ನೋಡುತ್ತಿದ್ದಂತೆ ಗುಳ್ಳೆ ಹತ್ತಾಯಿತು, ನಡುವೆ ತೂತು ಬಿತ್ತು, ತೂತಿನ ಅಂಚು ಎಣ್ಣೆಯಲ್ಲಿ ಬಿಟ್ಟ ಹಪ್ಪಳದ ಹಾಗೆ ಸುರುಳಿ ಸುತ್ತಿಕೊಂಡು ಹಿಂದೆ ಸರಿಯಿತು. ವಾಸನೆ ಎಂಥದ್ದು ಎಂದರೆ ಮಾಶಾಬಿಯ ಕೋಳಿಗಳು ತಾವಾಗಿ ಗೂಡಿಗೆ ಹೋದವು.

ಅದೇ ಹೊತ್ತಿಗೆ ಇನಾಸ ಒಳಗೆ ಬಂದ. ಡ್ರಮ್ಮು ನೋಡಿದ, ನನ್ನನ್ನು ನೋಡಿದ.

"ಏನ ಮಾಡಿದ್ಯೋ?"

"ಕಾಯಿಸಿದೆ."

"ಕಾಯಿಸಿದ್ಯಾ? ಅದೇನು ಹಾಲೇನಲೇ? ಅದು ಪ್ಲಾಸ್ಟಿಕ್ ಐತೋ ಮಾರಾಯಾ, ಪ್ಲಾಸ್ಟಿಕ್!"

"ಡ್ರಮ್ಮಿಗೆ ಪ್ಲಾಸ್ಟಿಕ್ ಹಾಕ್ತಾರಂತ ನನಗ ಯಾರ ಹೇಳ್ಯಾರ?"

ಅಲ್ಲಾವುದ್ದೀನ ಹಿಂದಿನಿಂದ ಬಂದು ತೂತಿನಲ್ಲಿ ಕೈ ಹಾಕಿ ಒಳಗೆ ಬೆರಳು ಆಡಿಸಿ ತೋರಿಸಿದ. "ಲೇ ಉಡಚ್ಯಾ, ಇದರಾಗ ಈಗ ಮೀನ ಸಾಕಬಹುದು ನೋಡು," ಎಂದ. ಯಾರೂ ನಗಲಿಲ್ಲ. ಆಮೇಲೆ ಅವನೂ ನಗಲಿಲ್ಲ.

ಬೇರೆ ಪ್ಲಾಸ್ಟಿಕ್ ತರಿಸಬೇಕೆಂದರೆ ಮಾವ ಸಮುದ್ರದ ಮೇಲೆ, ಬರುವುದು ನಾಲ್ಕು ತಿಂಗಳಿಗೆ. ಗ್ಯಾಸೆಣ್ಣೆ ಡಬ್ಬಿ ಇಟ್ಟುಕೊಂಡು ಹಾಲಿನಲ್ಲಿ ಕೂರುವಂತಿಲ್ಲ. ಮಾಶಾಬಿ ಚಹಾದ ಬಸಿ ಕೈಯಲ್ಲಿ ಹಿಡಿದು ನಿಂತಿದ್ದವಳು ಸಮಾಧಾನದಿಂದ ಕೇಳಿದಳು.

"ಅದಕ್ಕ ತೊಗಲು ಹಾಕಿದ್ರ ಆಗಂಗಿಲ್ಲೇನು? ನಮ್ಮ ಕಾಲದಾಗ ಎಲ್ಲಾ ತೊಗಲs ಇತ್ತಲ್ಲ."

ಇನಾಸ ನನ್ನನ್ನು ನೋಡಿದ. ಬಾರಿಸುವುದು ನನಗೆ ಬರುತ್ತಿತ್ತು. ಬಿಗಿಯುವುದು ಬರುತ್ತಿರಲಿಲ್ಲ, ಕಲಿಯುವ ವಯಸ್ಸಿಗೆ ಹಲಗಿ ಅಟ್ಟ ಸೇರಿತ್ತು. ಬರುತ್ತಿದ್ದವನು ನನಗೆ ಗೊತ್ತಿದ್ದಂತೆ ಒಬ್ಬನೇ. ಅವನಿಗೆ ನಾನು ಹತ್ತು ತಿಂಗಳಿಂದ ಸುಳ್ಳು ಹೇಳುತ್ತಿದ್ದೆ.

ಮನೆಗೆ ಹೋದಾಗ ಅಪ್ಪ ಉಣ್ಣುತ್ತಿದ್ದ. ಅವನೆದುರು ಕೂತು ಡಬ್ಬಿಯಿಂದ ಹಿಡಿದು ಪ್ಲಾಸ್ಟಿಕ್‌ವರೆಗೆ ಎಲ್ಲ ಹೇಳಿದೆ. ಅವ್ವ ಒಲೆಯ ಕಡೆ ಮುಖ ಮಾಡಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದಳು. ಅಪ್ಪ ಕಡೆಯ ತುತ್ತು ನುಂಗಿ, ತಾಟಿನಲ್ಲೇ ಕೈ ತೊಳೆದ.

"ಹತ್ತು ತಿಂಗಳು," ಎಂದ.

"ತಪ್ಪಾತು ಯಪ್ಪಾ."

"ನಿನಗ ಗೊತ್ತಿಲ್ಲ. ನೀ ಸಣ್ಣಾವ. ಒಳಗ ಮದುವಿ, ಹೊರಗ ನಾವು. ಮುಂಜಾನಿಂದ ಹೊತ್ತ ಮುಣಗೂತನಕ ನಿಂತs. ಕಾಲು ಬಾತು ಗಡಿಗಿ ಆಗಿದ್ವು. ಕುಂದರಪಾ ಅರ್ಜುನಾ, ಒಂದು ಗಳಿಗಿ ಕುಂದರು ಅಂತ ಒಬ್ಬರು ಅನ್ನಲಿಲ್ಲ. ಭೇಷ್ ಬಾರಿಸ್ತಿ ಅಂದ್ರು. ಕುಂದರು ಅನ್ನಲಿಲ್ಲ."

"ಇದು ಹಂಗಲ್ಲ, ಯಪ್ಪಾ."

"ಹೆಂಗ ಅಂತ ನೀ ಹೇಳಬ್ಯಾಡ. ಬಾರಿಸೂದು ಬಾರಿಸೂದs. ಆ ತೊಗಲಿನ ಮಾತು ನನ್ನ ಮುಂದ ತಗೀಬ್ಯಾಡ."

ಎದ್ದು ಹೋಗಿ ಮಲಗಿದ. ಮುಗಿಯಿತು ಎಂದುಕೊಂಡೆ. ಮರುದಿನ ಟೈಮ್ ಆಫೀಸಿನ ಕಿಟಕಿಯಲ್ಲಿ ಇನಾಸನಿಗೆ ಹೇಳಿದೆ.

ಶುಕ್ರವಾರ ಸಂಜೆ ನಮ್ಮ ಗೋಪನಕೊಪ್ಪದ ಓಣಿಯಲ್ಲಿ ಒಂದು ಸೈಕಲ್ಲು ಬಂತು. ಅಲ್ಲಾವುದ್ದೀನ ತುಳಿಯುತ್ತಿದ್ದ, ಇನಾಸ ಹಿಂದೆ ಡ್ರಮ್ಮನ್ನು ತೊಡೆಯ ಮೇಲೆ ಇಟ್ಟುಕೊಂಡು ಕೊಡೆ ಹಿಡಿದಿದ್ದ. ಕೊಡೆ ಡ್ರಮ್ಮಿನ ಮೇಲಿತ್ತು, ಅವನು ತೊಯ್ದು ತಪ್ಪಡಿಯಾಗಿದ್ದ.

"ಕಾಕಾ, ನಮಸ್ಕಾರ್ರಿ," ಎಂದ ಇನಾಸ ಕಟ್ಟೆಯ ಮೇಲೆ ಕೂತಿದ್ದ ಅಪ್ಪನಿಗೆ. "ನಾವು ತೊಗಲು ಕೇಳಾಕ ಬಂದಿಲ್ರಿ. ಉಡಚಪ್ಪಂದು ತಪ್ಪಿಲ್ಲ ಅಂತ ಹೇಳಾಕ ಬಂದೇವಿ. ಓವರ್‌ಟೈಮ್ ಅನ್ನೂ ಸುಳ್ಳು ಕಲಿಸಿದಾವ ನಾನು."

"ಅದಕ್ಕ ಡ್ರಮ್ ಯಾಕ ತಂದೀರಿ?" ಎಂದ ಅಪ್ಪ.

ಇನಾಸ ಅಲ್ಲಾವುದ್ದೀನನ ಮುಖ ನೋಡಿದ. ಅಲ್ಲಾವುದ್ದೀನ ಹೇಳಿದ, "ಹವಾ ತಿನ್ನಲಿ ಅಂತರೀ, ಕಾಕಾ."

ಅವ್ವ ಒಳಗಿನಿಂದ ನಕ್ಕದ್ದು ಕೇಳಿಸಿತು. "ತೊಯ್ಸಿಕೊಂಡು ನಿಂತಾವಲ್ಲ ಹುಡುಗೂರು, ಒಳಗ ಬರ್ರಿ," ಎಂದಳು. ಇಬ್ಬರೂ ಒಳಗೆ ಬಂದು ನೆಲದ ಮೇಲೆ ಕೂತು, ಅವ್ವ ಕೊಟ್ಟ ರೊಟ್ಟಿ, ಪುಂಡಿಪಲ್ಯೆ ಉಂಡರು. ಇನಾಸ ಇನ್ನೊಂದು ರೊಟ್ಟಿ ಕೇಳಿದ, ಅಲ್ಲಾವುದ್ದೀನ ಅವನ ತಾಟಿನಿಂದಲೇ ಅರ್ಧ ಹರಿದುಕೊಂಡ. ಅಪ್ಪ ಕಟ್ಟೆಯ ಮೇಲಿಂದ ಇದನ್ನೆಲ್ಲ ನೋಡದ ಹಾಗೆ ನೋಡುತ್ತಿದ್ದ. ಅವನ ಪಕ್ಕದಲ್ಲಿ ಡ್ರಮ್ಮಿತ್ತು. ಸ್ವಲ್ಪ ಹೊತ್ತಿಗೆ ಅವನ ಕೈ ಅದರ ಅಂಚನ್ನು ಮುಟ್ಟಿತು. ಆಮೇಲೆ ಅದನ್ನು ತೊಡೆಯ ಮೇಲೆ ಎಳೆದುಕೊಂಡ. ತಿರುಗಿಸಿದ. ಸ್ಕ್ರೂ ಒಂದನ್ನು ಉಗುರಿನಿಂದ ಬಡಿದ.

"ಇದನ್ನ ಮಾಡಿದಾವ ಶಾಣ್ಯಾ ಅದಾನ," ಎಂದ. "ಹಗ್ಗ ಇಲ್ಲ, ಬಾರ ಇಲ್ಲ. ತಿರುವಿದ್ರ ಬಿಗೀತೈತಿ. ಇದನ್ನ ಬೆಂಕಿಗೆ ಹಿಡಿದಿ ಹುಚ್ಚಪ್ಯಾಲಿ?"

"ಹೂಂ ಯಪ್ಪಾ."

"ಹೆಂಗ ಆತು?"

"ಹಪ್ಪಳ ಆತು."

ಅಪ್ಪನ ಮೀಸೆ ಅಲುಗಿತು. ತಡೆದುಕೊಳ್ಳಲು ನೋಡಿದ, ಆಗಲಿಲ್ಲ. ನಾಗಪುರದಿಂದ ಬಂದ ಮೇಲೆ ಅಪ್ಪ ಹಾಗೆ ಕಣ್ಣಲ್ಲಿ ನೀರು ಬರುವಂತೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ನಕ್ಕು ಮುಗಿಸಿ, ಒರೆಸಿಕೊಂಡು, ಎದ್ದು ಅಟ್ಟ ಹತ್ತಿದ. ಗೋಣಿಚೀಲದ ಗಂಟು ಇಳಿಸಿ ಬಿಚ್ಚಿದ. ಹಲಗಿ ಒಂಬತ್ತು ವರ್ಷ ಅಟ್ಟದಲ್ಲಿ ಬಿದ್ದದ್ದು ಎಂದು ಯಾರೂ ಹೇಳುವಂತಿರಲಿಲ್ಲ. ತೊಗಲು ಮೆತ್ತಗೆ, ಮಿರಮಿರ ಮಿಂಚುತ್ತಿತ್ತು.

"ವರ್ಷಾ ಎಣ್ಣಿ ಹಚ್ಚತಾನ," ಎಂದಳು ಅವ್ವ ಮೆಲ್ಲಗೆ. "ಇಲಿ ತಿಂತಾವ ಅಂತ ನೆಪಾ."

"ಸುಮ್ಮನಿರ್ತೀಯೇನು?" ಎಂದು ಅಪ್ಪ ಆಕೆಯನ್ನು ಗದರಿಸಿ ನಮ್ಮ ಕಡೆ ತಿರುಗಿದ. "ನೋಡ್ರಿ ತಮ್ಮಾ. ಬಾರಸಂಗಿಲ್ಲ ಅಂತ ನಾ ಮಾತು ಕೊಟ್ಟೇನಿ. ಬಿಗಿಯಂಗಿಲ್ಲ ಅಂತ ಕೊಟ್ಟಿಲ್ಲ. ಬಿಗಿದು ಕೊಡ್ತೇನಿ. ಆದ್ರ ಇವ ಬಾರಿಸೂದು ನನ್ನ ಕಣ್ಣಿಗೆ ಸರಿ ಬರಲಿಲ್ಲ ಅಂದ್ರ, ಅದು ಮೊದಲನೇದು, ಅದs ಕಡೀದು. ಆಯಿತೇನೋ ಉಡಚಾ?"

"ಆಯಿತು ಯಪ್ಪಾ."

ಬೇರೆ ಏನು ಹೇಳಲಿ?

ಆ ರಾತ್ರಿ ತೊಗಲು ನೀರಿನಲ್ಲಿ ನೆನೆಯಿತು. ಶನಿವಾರ ಅಪ್ಪ ಅದನ್ನು ಹಲಗಿಯ ಬಳೆಯಿಂದ ಬಿಡಿಸಿ, ಡ್ರಮ್ಮಿನ ಬಳೆಗೆ ಸುತ್ತಲೂ ಮಡಿಚಿ ಸಿಕ್ಕಿಸಿ, ಒಂದೊಂದೇ ಸ್ಕ್ರೂ ಅರ್ಧ ಸುತ್ತು, ಎದುರಿನದು ಅರ್ಧ ಸುತ್ತು, ಹೀಗೆ ತಿರುವುತ್ತ ಮೂರು ತಾಸು ಕೂತ. ಮುಗಿದ ಮೇಲೆ ಬೆರಳಿನಿಂದ ಒಮ್ಮೆ, ಒಂದೇ ಸಲ, ಟಣ್ ಎನಿಸಿದ. ಅದು ಬಾರಿಸಿದಂತಲ್ಲ, ನೋಡಿದಂತೆ ಎಂದು ತಾನೇ ಹೇಳಿದ. ನಾವು ಯಾರೂ ಕೇಳಿರಲಿಲ್ಲ.

"ಆದ್ರ ಈ ಹವಾದಾಗ ಅರ್ಧಾ ತಾಸಿಗೆ ಇಳೀತೈತಿ," ಎಂದ. "ಕಾಯಿಸಬೇಕು."

"ನಾ ಕಾಯಿಸ್ತೇನಿ," ಎಂದೆ.

"ನೀ ಕಾಯಿಸಿದ್ದು ಊರಿಗೆಲ್ಲಾ ಗೊತ್ತಾಗೈತಿ," ಎಂದ.

ಭಾನುವಾರ ಸಂಜೆ ಅಪ್ಪ ಒಗೆದ ಧೋತರ ಉಟ್ಟು, ತಲೆಗೆ ರುಮಾಲು ಸುತ್ತಿ, ಕೈಯಲ್ಲಿ ಇದ್ದಿಲಿನ ಸಣ್ಣ ಒಲೆ, ಶೇಗಡಿ, ಹಿಡಿದುಕೊಂಡು ಕಾಲನಿಯ ಹಾಲಿಗೆ ಬಂದ. ಬಾಗಿಲಲ್ಲಿ ಬಿಲ್ಲೆ ಹಾಕಿಕೊಂಡ ಒಬ್ಬರು ತಡೆದು, ಚಹಾದವರು ಹಿಂದಿನಿಂದ ಬರಬೇಕು ಎಂದರು. "ನಾ ಡ್ರಮ್ಮಿನವ," ಎಂದ ಅಪ್ಪ. ಅವರಿಗೆ ಏನು ತಿಳಿಯಿತೋ, ದಾರಿ ಬಿಟ್ಟರು. ಆದರೂ ಅಪ್ಪ ಒಳಗೆ ಬರಲಿಲ್ಲ. ನಾನು ಎಷ್ಟು ಕರೆದರೂ, "ಇಲ್ಲಿಂದ ಛಲೋ ಕಾಣಸ್ತೈತಿ," ಎಂದು ವೇದಿಕೆಯ ಪಕ್ಕದ ವೆರಾಂಡದ ಬಾಗಿಲಲ್ಲಿ ಶೇಗಡಿ ಇಟ್ಟುಕೊಂಡು ನಿಂತ. ಹೊರಗೆ ಮಳೆ.

ಶುರು ಮಾಡಿದೆವು. ಮೊದಲ ಹಾಡಿಗೆ ನನ್ನ ಕೈ ನನ್ನ ಮಾತು ಕೇಳಲಿಲ್ಲ, ಕಣ್ಣು ಬಾಗಿಲ ಕಡೆಗೇ. ಅಪ್ಪನ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ಎರಡನೆಯದಕ್ಕೆ ಇನಾಸ ಗಂಟಲು ಬಿಚ್ಚಿದ, ಅಲ್ಲಾವುದ್ದೀನನಿಗೆ ಒಂದು ಒಳ್ಳೆಯ ಶಾಕ್ ಹೊಡೆಯಿತು, ಅವನು ಜಿಗಿದದ್ದು ನೋಡಿ ಮುಂದಿನ ಸಾಲಿನ ಮಂದಿ ಎದ್ದು ಕುಣಿಯತೊಡಗಿದರು. ಆ ತೊಗಲಿನ ದನಿಯನ್ನು ನಾನು ಏನೆಂದು ಹೇಳಲಿ? ಪ್ಲಾಸ್ಟಿಕ್ಕು ಚಟಪಟ ಮಾತಾಡುತ್ತಿತ್ತು, ಇದು ಎದೆಯಿಂದ ಮಾತಾಡುತ್ತಿತ್ತು. ಇನಾಸ ಹಾಡುತ್ತಲೇ ಹಿಂದೆ ತಿರುಗಿ ಕಣ್ಣು ದೊಡ್ಡದು ಮಾಡಿದ. ಗೊತ್ತಿಲ್ಲದೆ ನನ್ನ ಕೈ ವಿಲಾಯತಿ ತಾಳ ಬಿಟ್ಟು ಹೆಬ್ಬಳ್ಳಿಯ ತಾಳಕ್ಕೆ ಇಳಿದಿತ್ತು. ಯಾರೂ ಗುರುತು ಹಿಡಿಯಲಿಲ್ಲ, ಕುಣಿತ ಮಾತ್ರ ಜೋರಾಯಿತು.

ನಾಲ್ಕನೆಯ ಹಾಡಿಗೆ ಅಪ್ಪ ಹೇಳಿದಂತೆ ತೊಗಲು ಇಳಿಯಿತು. ಟಣ್ ಎನ್ನುವುದು ಬದ್ ಎನ್ನತೊಡಗಿತು. ಇನಾಸನಿಗೆ ಸನ್ನೆ ಮಾಡಿ, ಡ್ರಮ್ಮು ಕಳಚಿಕೊಂಡು ವೆರಾಂಡಕ್ಕೆ ಓಡಿದೆ. ಆ ಹೊತ್ತಿಗೇ ಅಲ್ಲಾವುದ್ದೀನನ ರೇಡಿಯೋ ಧಾರವಾಡ ಹಿಡಿದು, ಹತ್ತಿಗೆ ಹುಳ ಬಿದ್ದರೆ ಏನು ಮಾಡಬೇಕೆಂದು ಮುನ್ನೂರು ಮಂದಿಗೆ ಹೇಳತೊಡಗಿತು. ಇನಾಸ ಅದನ್ನೇ ಹಾಡಿನಂತೆ ಎಳೆದು ಎಳೆದು ಹಾಡಿದ. ಮಂದಿ ಬಿದ್ದು ಬಿದ್ದು ನಗುತ್ತಿದ್ದರು.

ಅಪ್ಪ ಡ್ರಮ್ಮನ್ನು ನನ್ನ ಕೈಯಿಂದ ತೆಗೆದುಕೊಂಡು ಕೆಂಡದ ಮೇಲೆ ಗೇಣು ಎತ್ತರಕ್ಕೆ ಹಿಡಿದು ತಿರುಗಿಸಿದ. ನನ್ನ ಮುಖ ನೋಡದೆ ಕೇಳಿದ.

"ಒಂದು ಕೇಳ್ತೇನಿ. ಆ ಹಾಡಾಂವ ನಿಂತಾನ. ಜಿಗಿಯಾಂವ ನಿಂತಾನ. ದೊಡ್ಡ ದೊಡ್ಡ ಸಾಹೇಬ್ರು, ಅವರ ಹೆಂಡ್ರು, ಎಲ್ಲಾರೂ ಎದ್ದು ನಿಂತಾರ. ಇಡೀ ಹಾಲಿನಾಗ ನೀ ಒಬ್ಬನ ಯಾಕ ಕುಂತೀ? ಆರಾಮ ಇಲ್ಲೇನು?"

"ಆರಾಮ ಅದೇನಿ ಯಪ್ಪಾ. ಇದನ್ನ ಕುಂತs ಬಾರಿಸಬೇಕು. ಎಲ್ಲಾ ಕಡೆ ಹಂಗs."

"ವಿಲಾಯತ್ಯಾಗೂ?"

"ವಿಲಾಯತ್ಯಾಗೂ. ಅದಕ್ಕಂತ ಬ್ಯಾರೆ ಸ್ಟೂಲ್ ಕೊಟ್ಟಿರ್ತಾರ."

ಅಪ್ಪನ ಕೈ ನಿಂತಿತು. ನಿಂತರೆ ತೊಗಲು ಸುಡುತ್ತದೆ ಎಂದು ನಾನು ಹೇಳಬೇಕಾಯಿತು. ಮತ್ತೆ ತಿರುಗಿಸಿದ. ನಾನು ಆಗ ಅವನ ಕಾಲು ನೋಡಿದೆ. ಒಂದು ಹೊಸ್ತಿಲ ಒಳಗೆ, ಒಂದು ಹೊರಗೆ, ಮಳೆಯ ಎರಚಲಿಗೆ ಧೋತರ ಮೊಣಕಾಲವರೆಗೆ ತೊಯ್ದಿತ್ತು. ಒಂಬತ್ತು ವರ್ಷದ ಮೇಲೆ ಅಪ್ಪ ಮತ್ತೆ ಒಂದು ಬಾಗಿಲಲ್ಲಿ ನಿಂತಿದ್ದ. ನನ್ನ ಸಲುವಾಗಿ ನಿಂತಿದ್ದ.

ನಾನು ಒಳಗೆ ಹೋದೆ. ಮುಂದಿನ ಸಾಲಿನಲ್ಲಿ ಕುಣಿಯಲು ಎದ್ದಿದ್ದ ಒಬ್ಬ ಸಾಹೇಬರ ಕುರ್ಚಿ ಖಾಲಿಯಿತ್ತು, ಬೆತ್ತದ್ದು, ಎರಡೂ ಬದಿ ಕೈ ಇದ್ದದ್ದು. ಕೇಳಲಿಲ್ಲ. ಎತ್ತಿಕೊಂಡು ಬಂದು ವೇದಿಕೆಯ ಮೇಲೆ, ನನ್ನ ಸ್ಟೂಲಿನ ಪಕ್ಕ ಇಟ್ಟೆ. ಹಿಂದಿರುಗಿ ಅಪ್ಪನ ಮುಂದಿದ್ದ ಶೇಗಡಿ ಎತ್ತಿಕೊಂಡೆ.

"ಯಪ್ಪಾ, ಒಳಗ ಬಾ. ಕುಂದರು."

"ಹುಚ್ಚಾ ಅದೀ ಏನು? ಅಲ್ಲಿ ಎಲ್ಲಾರೂ ನೋಡ್ತಾರ."

"ನೋಡ್ಲಿ. ಹೆಜ್ಜಿಗೊಮ್ಮಿ ಇಲ್ಲಿಗೆ ಓಡಿ ಬಂದ್ರ ಹಾಡು ಕೆಡತೈತಿ. ಕುಂದರು, ಯಪ್ಪಾ."

ಇನಾಸ ಹತ್ತಿಯ ಹುಳದ ಹಾಡು ನಿಲ್ಲಿಸಿ ಮೈಕಿನಲ್ಲೇ ಕೂಗಿದ, "ಬರ್ರಿ ಕಾಕಾ, ನಿಮ್ಮ ಕುರ್ಚಿ ಕಾಯಾಕತ್ತೈತಿ!" ಮಂದಿ ಯಾಕೆಂದು ಗೊತ್ತಿಲ್ಲದೆ ಚಪ್ಪಾಳೆ ಹೊಡೆದರು.

ಅಪ್ಪ ರುಮಾಲು ಸರಿ ಮಾಡಿಕೊಂಡ. ಡ್ರಮ್ಮನ್ನು ಎದೆಗೆ ಆನಿಸಿಕೊಂಡು ಹೊಸ್ತಿಲು ದಾಟಿದ. ಅದನ್ನು ಸ್ಟ್ಯಾಂಡಿಗೆ ತಾನೇ ಕೂರಿಸಿ, ಕುರ್ಚಿಯ ಕೈಯನ್ನು ಒಮ್ಮೆ ಅಲುಗಾಡಿಸಿ ನೋಡಿ, ಕೂತ. ಶೇಗಡಿಯನ್ನು ಕಾಲ ಹತ್ತಿರ ಎಳೆದುಕೊಂಡ. ಆಮೇಲೆ ನನ್ನ ಕಿವಿಗೆ ಬಾಗಿ ಹೇಳಿದ.

"ಎರಡನೇ ಹಾಡಿನಾಗ ಹೆಬ್ಬಳ್ಳಿ ತಾಳ ಹಾಕಿದ್ಯಲ್ಲಾ. ಕಡೀ ಪೆಟ್ಟು ತಪ್ಪಿತು. ಈಗ ಸರಿ ಹಾಕು."

ಮುಂದಿನ ಎರಡು ವರ್ಷ ಶಂಟರ್ಸ್ ಎಲ್ಲಿ ಹೋದರೂ ಜೊತೆಗೆ ಒಂದು ಶೇಗಡಿ, ಒಂದು ಕುರ್ಚಿ ಹೋದವು. ಡಿಸೆಂಬರಿನಲ್ಲಿ ಇನಾಸನ ಮಾವ ಹೊಸ ಪ್ಲಾಸ್ಟಿಕ್ ಕಳಿಸಿದ. ಅಪ್ಪ ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮೂಸಿ ನೋಡಿ ಮಾಶಾಬಿಯ ಕೈಗೆ ಕೊಟ್ಟ. ಆಕೆಯ ಉಪ್ಪಿನಕಾಯಿ ಭರಣಿಯ ಬಾಯಿಗೆ ಅದು ಹೇಳಿ ಮಾಡಿಸಿದಂತೆ ಕೂತಿತು.